ಓದು ನಿಲ್ಲಿಸಿದ ಶನಿವಾರ

ಲಿನೆಟ್ ಜೊತೆ ಒಂದೇ ಕೋಣೆ ಎಂದು ಗೊತ್ತಾದ ಕ್ಷಣವೇ ಟೋವಾಗೆ ಜೋಹಾನ್ಸ್‌ಬರ್ಗಿನ ವಿಮಾನ ಹತ್ತಿ ವಾಪಸಾಗಬೇಕೆನಿಸಿತು. ಲಿನೆಟ್ ಅದೇ ಊರಿನ ನಾರ್ವುಡ್‌ ಬಡಾವಣೆಯಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟವಳು, ಐವತ್ತೈದರ ಹೆಂಗಸು. ಹತ್ತು ದಿನದ ಪ್ರವಾಸಕ್ಕೆ ಮೂರು ಸೂಟ್‌ಕೇಸ್ ಹೊತ್ತು ತಂದಿದ್ದಳು. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಲಂಡನ್ನಿನ ಮಗಳಿಗೆ ಫೋನ್ ಮಾಡಿ, ತಾನು ಎಷ್ಟು ಸಲ ಎದ್ದೆ ಎಂಬುದರಿಂದ ಹಿಡಿದು ಹಿಂದಿನ ದಿನದ ಮೀನಿಗೆ ಉಪ್ಪು ಎಷ್ಟಿತ್ತು ಎಂಬುದರವರೆಗೆ ವರದಿ ಒಪ್ಪಿಸುತ್ತಿದ್ದಳು. ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನ ಹೋಟೆಲಿಗೆ ಬಂದಿಳಿದ ಮೊದಲ ದಿನವೇ, ಶೂ ಕೂಡ ಬಿಚ್ಚದೆ ಮಂಚದ ಮೇಲೆ ಕೂತು ಕೇಳಿದಳು: "ಮಕ್ಕಳೆಷ್ಟಮ್ಮ ನಿಂಗೆ? ಮನೆಯವ್ರು ಏನ್ಮಾಡ್ತಾರೆ?"

ಟೋವಾ ಎರಡಕ್ಕೂ ಸೇರಿಸಿ ಒಂದೇ ಸಲ "ಇಲ್ಲ" ಎಂದಳು. ಎಂದವಳೇ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

ನಿಜ ಹೇಳಬೇಕೆಂದರೆ ಅವಳು ಬರಬೇಕಾದ ಪ್ರವಾಸವೇ ಅಲ್ಲ ಅದು. ಅಜ್ಜ ಅಜ್ಜಿಯರು ಬಿಟ್ಟುಬಂದ ಲಿಥುವೇನಿಯಾದ ಊರುಗಳನ್ನು ನೋಡಿಬರಲು ಅವರ ಸಿನಗಾಗಿನ, ಎಂದರೆ ಯೆಹೂದಿ ಪ್ರಾರ್ಥನಾ ಮಂದಿರದ, ಹದಿನಾಲ್ಕು ಹೆಂಗಸರು ಹೊರಟಿದ್ದರು. ಲಿನೆಟ್ ಈಚೆಗಷ್ಟೇ ಅಲ್ಲಿಗೆ ಸೇರಿದವಳು. ಹೆಸರು ಬರೆಸಿದ್ದು ಟೋವಾಳ ತಾಯಿ. ಹೊರಡಲು ಮೂರು ವಾರ ಇರುವಾಗ ಆಕೆ ಅಡುಗೆಮನೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಮಗಳು ತನ್ನ ಬದಲು ಹೋಗದಿದ್ದರೆ ಔಷಧಿ ನುಂಗುವುದಿಲ್ಲ ಎಂದು ಹಟ ಹಿಡಿದಳು. ಹೀಗಾಗಿ ಟೋವಾ, ಹಲ್ಲು ಕಚ್ಚಿಕೊಂಡು, ತನಗೆ ಬೇಡವಾದ ಹದಿಮೂರು ಹೆಂಗಸರ ನಡುವೆ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಳು.

ಟೋವಾಗೆ ಆಗ ನಲವತ್ತೊಂದು. ಅವಳ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಿದವರು ಕಡಿಮೆ. ಏಳು ವರ್ಷದ ಹಿಂದೆ, ಒಂದು ಶುಕ್ರವಾರದ ಸಂಜೆ, ಗಂಡ ಹಿಲೆಲ್ ಲಿಪ್ಶಿನ್ ಅವಳ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ್ದ. ಬೇಯಿಸಿದ ಕೋಳಿ ಒಣಗಿತ್ತು ಎಂಬುದು ಕಾರಣ. ಮಣಿಕಟ್ಟು ಕೂಡಿಕೊಂಡಿತು, ಆದರೆ ತಿರುಗುವುದನ್ನು ಮರೆಯಿತು. ದಂತ ಚಿಕಿತ್ಸಾಲಯದಲ್ಲಿ ಹಲ್ಲು ಸ್ವಚ್ಛ ಮಾಡುತ್ತಿದ್ದವಳು ಈಗ ಅದೇ ಚಿಕಿತ್ಸಾಲಯದಲ್ಲಿ ಫೋನ್ ಎತ್ತುತ್ತಾಳೆ.

ಸರ್ಕಾರಿ ಕೋರ್ಟು ಅವರ ಮದುವೆಯನ್ನು ಒಂದೇ ವರ್ಷದಲ್ಲಿ ಮುರಿದುಕೊಟ್ಟಿತು. ಆದರೆ ಯೆಹೂದಿ ಧರ್ಮದ ಲೆಕ್ಕದಲ್ಲಿ, ಗಂಡ ಮನಸ್ಸು ಮಾಡಿ ಬಿಡುಗಡೆ ಪತ್ರ ಬರೆಸಿ ಹೆಂಡತಿಯ ಕೈಗೆ ಹಾಕಿಸುವ ತನಕ ಅವಳು ಅವನವಳೇ. ಆ ಪತ್ರಕ್ಕೆ ಗೆಟ್ ಎನ್ನುತ್ತಾರೆ. ಮೂವರು ಹಿರಿಯ ಧರ್ಮಗುರುಗಳು, ರಬ್ಬಿಗಳು, ಹಿಲೆಲ್‌ನನ್ನು ಕರೆಸಿದಾಗ ಅವನು ಜೇಬಿನಿಂದ ಟೈಪು ಮಾಡಿದ ಒಂದು ಕಾಗದ ತೆಗೆದಿಟ್ಟ. "ನಾನು ಮೆಟ್ಟಿಲ ಮೇಲೆ ಬಿದ್ದೆ. ನನ್ನ ಗಂಡ ಎಂದೂ ನನ್ನ ಮೇಲೆ ಕೈ ಮಾಡಿಲ್ಲ. ಪೊಲೀಸರಿಗೆ ಹೇಳಿದ್ದು ಸುಳ್ಳು." ಇಷ್ಟಕ್ಕೆ ಅವಳು ಸಹಿ ಹಾಕಲಿ, ಮರುದಿನವೇ ಗೆಟ್ ಕೊಡುತ್ತೇನೆ ಎಂದ. ಟೋವಾ ಹಾಕಲಿಲ್ಲ. ಅವನು ಲಂಡನ್ನಿಗೆ ಹೊರಟುಹೋದ. ರಬ್ಬಿಗಳು ತಾಳ್ಮೆ ಇರಲಿ ಎಂದರು. ಅವರಲ್ಲೊಬ್ಬ, ಬಿಳಿ ಹುಬ್ಬಿನವನು, ಒಂದು ಕಾಗದದ ಮೇಲೆ ಸಹಿ ಹಾಕಿದರೆ ಕೈ ಸವೆಯುತ್ತದೆಯೇ ಎಂದು ಕೇಳಿದ. ಕೈಯ ಮಾತನ್ನೇ ಎತ್ತಿದ.

ತಾಳ್ಮೆ ಎಂದವರಲ್ಲಿ ಈ ಪ್ರವಾಸದ ಮುಂದಾಳು ಪೆರ್ಲ್ ಕೂಡ ಇದ್ದಳು. ಅವರ ಸಿನಗಾಗಿನ ರಬ್ಬಿಯ ಹೆಂಡತಿ, ಆದ್ದರಿಂದ ಎಲ್ಲರಿಗೂ ರೆಬ್ಬೆಟ್ಸಿನ್. ಟೋವಾಳ ಮದುವೆಗೆ ಮುಂಚೆ ಮದುಮಗಳಿಗೆ ಹೇಳಿಕೊಡಬೇಕಾದ್ದನ್ನೆಲ್ಲ ಹೇಳಿಕೊಟ್ಟವಳು ಅವಳೇ. ಮೆತ್ತಗಿನ ದನಿಯ, ಎಲ್ಲರ ಹುಟ್ಟುಹಬ್ಬ ನೆನಪಿಡುವ ಹೆಂಗಸು. "ಸಹಿ ಹಾಕಿಬಿಡು ಮಗಳೇ, ದೇವ್ರಿಗೆ ಸತ್ಯ ಗೊತ್ತಿದೆ" ಎಂದು ಅವಳು ಹೇಳಿದ ದಿನದಿಂದ ಟೋವಾ ಅವಳ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿರಲಿಲ್ಲ.

ನಾಲ್ಕನೆಯ ದಿನ ಬಸ್ಸು ಅವರನ್ನು ಒಂದು ಕಾಡಿಗೆ ಕರೆದೊಯ್ದಿತು. ಪೈನ್ ಮರಗಳ ನಡುವೆ ಹುಲ್ಲು ಮುಚ್ಚಿದ ಉದ್ದನೆಯ ತಗ್ಗು. ಯುದ್ಧದ ಕಾಲದಲ್ಲಿ ಸುತ್ತಲ ಮೂರು ಊರಿನ ಯೆಹೂದಿಗಳನ್ನು ಅಲ್ಲಿ ನಿಲ್ಲಿಸಿ ಕೊಂದಿದ್ದರು. ಪೆರ್ಲ್ ಹೆಸರುಗಳನ್ನು ಓದಿದಳು. ಹೆಂಗಸರು ಅತ್ತರು, ಲಿನೆಟ್ ಎಲ್ಲರಿಗಿಂತ ಜೋರಾಗಿ. ಟೋವಾ ಮಾತ್ರ ಕೋಟಿನ ಜೇಬಿಗೆ ಕೈ ತುರುಕಿ, ಹಲ್ಲು ಬಿಗಿ ಹಿಡಿದು ನಿಂತಿದ್ದಳು. ಅವಳ ಮುತ್ತಜ್ಜಿಯ ತಂಗಿಯರು ಇಬ್ಬರು ಆ ಹುಲ್ಲಿನ ಕೆಳಗಿದ್ದರು. ಅಳು ಬರಲಿಲ್ಲ. ಬಂದದ್ದು ಹಳೇ ಸಿಟ್ಟೇ. ಸುಮ್ಮನಿರಿ, ಸಾಲಾಗಿ ನಿಲ್ಲಿ, ಗಲಾಟೆ ಬೇಡ ಎಂದು ಇವರಿಗೂ ಯಾರೋ ಮೆತ್ತಗೆ ಹೇಳಿದ್ದಿರಬೇಕು ಎಂದು ಅವಳಿಗೆ ಅನ್ನಿಸಿತು.

ಬಸ್ಸಿಗೆ ಮರಳುವಾಗ ಲಿನೆಟ್ ಮೂಗೊರೆಸಿಕೊಳ್ಳುತ್ತ ಅವಳ ದಾರಿಗೆ ಅಡ್ಡ ನಿಂತಳು.

"ಒಂದು ಹನಿ ಕಣ್ಣೀರಾದ್ರೂ ಬರ್ಲಿಲ್ವಲ್ಲ ನಿಂಗೆ. ಕಲ್ಲಾ ನೀನು?"

ಅಷ್ಟು ಸಾಕಾಯಿತು. ಏಳು ವರ್ಷ ಅದುಮಿಟ್ಟದ್ದು ಆ ಕಾಡಿನ ಅಂಚಿನಲ್ಲಿ, ಚಾಲಕ ಸಿಗರೇಟು ಆರಿಸಿ ನೋಡುತ್ತಿರುವಂತೆಯೇ, ಹೊರಗೆ ಬಂತು. ಬಾಗಿಲು, ಮಣಿಕಟ್ಟು, ಕಾಗದ, ಬಿಳಿ ಹುಬ್ಬು, ಮೂವತ್ತನಾಲ್ಕರಿಂದ ನಲವತ್ತೊಂದರವರೆಗೆ ಬರಿದೇ ಕಳೆದ ವರ್ಷಗಳು, ಹುಟ್ಟದ ಮಕ್ಕಳು. ಪೆರ್ಲ್ ಕಡೆ ಕೈ ಮಾಡಿ ತೋರಿಸಿ ಹೇಳಿದಳು. ಹಿಲೆಲ್ ಲಿಪ್ಶಿನ್ ಎಂಬ ಹೆಸರನ್ನು ಉಗಿಯುವಂತೆ ಹೇಳಿದಳು. ತವರಿನ ಹೆಸರಿಟ್ಟುಕೊಂಡಿದ್ದರಿಂದ ಆ ಹೆಸರು ಗುಂಪಿನಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಲಿನೆಟ್‌ಳ ಮುಖ ಬಿಳುಚಿಕೊಂಡಿತು. ದಾರಿಯುದ್ದಕ್ಕೂ ಅವಳು ಬಾಯಿ ಬಿಡಲಿಲ್ಲ. ಅವಳು ಮಾತಾಡದೆ ಒಂದು ಗಂಟೆ ಕಳೆದದ್ದು ಅದೇ ಮೊದಲು.

ಕೋಣೆಗೆ ಬಂದ ಮೇಲೆ ಲಿನೆಟ್ ಬಾಗಿಲು ಹಾಕಿ, ಮಂಚದ ತುದಿಯಲ್ಲಿ ಕೂತಳು.

"ಅವ್ನು ನನ್ನ ಮಗಳ ಮನೇಲಿ ಊಟ ಮಾಡಿದಾನೆ ಕಣೆ. ಒಂದ್ಸಲ ಅಲ್ಲ. ನನ್ನ ಅಳಿಯನ ಸಿನಗಾಗಲ್ಲಿ ಪ್ರತಿ ಶನಿವಾರ ತೋರಾ ಓದೋನೇ ಅವ್ನು."

ಇಡೀ ಸಭೆಗೆ ಧರ್ಮಗ್ರಂಥ ಓದುವವನು ಅವನು ಎಂದು ಕೇಳಿ ಟೋವಾ ತಿರುಗಿ ನೋಡಿದಳು.

"ಹೋದ ಪಾಸೋವರ್ ಹಬ್ಬಕ್ಕೆ ನಾನೂ ಹೋಗಿದ್ನಲ್ಲ, ನನ್ನೆದುರಿಗೇ ಕೂತು ಅತ್ತ. 'ನಾನು ಗೆಟ್ ಕೊಡ್ತೀನಿ ಅಂತ ಬೇಡ್ಕೋತಿದೀನಿ, ಅವಳು ತಗೊಳ್ತಿಲ್ಲ, ನನ್ನ ಕಟ್ಟಿಹಾಕಿದಾಳೆ' ಅಂದ. ಯಾವಳಪ್ಪಾ ಅಂಥ ರಾಕ್ಷಸಿ ಅಂತ ನಾನು ಎರಡನೇ ಸಲ ಕೋಳಿ ಬಡಿಸ್ದೆ." ನೆಲ ನೋಡುತ್ತ ಸೇರಿಸಿದಳು: "ಪಾಪ ಅಂತ ಅವ್ನಿಗೆ ಒಂದು ಹೆಣ್ಣು ಕೂಡ ನೋಡ್ತಿದ್ದೆ."

ಟೋವಾಗೆ ನಗು ಬಂತು. ಕೆಟ್ಟ ನಗು ಅದು. ಕೋಳಿ ಒಣಗಿರಲಿಲ್ಲವೇ ಎಂದು ಕೇಳಿದಳು. ಲಿನೆಟ್ ಅಳಲು ಶುರುಮಾಡಿದಾಗ ಗದರಿದಳು. ಸಾಕು, ಬೆಳಗ್ಗೆಯಿಂದ ಅತ್ತಿದ್ದು ಸಾಲದೇ ಎಂದಳು. ಆಮೇಲೆ ಇಬ್ಬರೂ ಲಿನೆಟ್‌ಳ ಮೂರನೆಯ ಸೂಟ್‌ಕೇಸ್ ಬಿಚ್ಚಿದರು. ಅದರ ತುಂಬ ಮಗಳಿಗೆಂದು ತಂದ ಒಣಮಾಂಸದ ಬಿಲ್ಟಾಂಗ್ ಮತ್ತು ರಸ್ಕುಗಳಿದ್ದವು. ಅದರಲ್ಲಿ ಅರ್ಧ ಮುಗಿಸಿದರು.

ಮರುದಿನ ಹೋದದ್ದು ಗುಂಪಿನ ಹಿರಿಯಳಾದ ಹೆಸ್ಸಿಯ ಅಪ್ಪನ ಊರಿಗೆ. ಹೆಸ್ಸಿಗೆ ಎಪ್ಪತ್ತೊಂಬತ್ತು. ಜೋಹಾನ್ಸ್‌ಬರ್ಗಿನ ಯೋವಿಲ್‌ನಲ್ಲಿ ನಲವತ್ತು ವರ್ಷ ಮಾಂಸದಂಗಡಿ ನಡೆಸಿದವಳು, ಈಗಲೂ ಕೋಲನ್ನು ಕತ್ತಿಯಂತೆ ಹಿಡಿಯುತ್ತಿದ್ದಳು. ಊರಿನ ಮರದ ಸಿನಗಾಗ್ ಈಗ ಹಲಗೆಗಳ ಗೋದಾಮು. ಒಳಗೆ ನಿಂತು ಹೆಸ್ಸಿ ತನ್ನ ಅಜ್ಜಿಯ ಕಥೆ ಹೇಳಿದಳು. ಊರಿನ ಸಾಹುಕಾರನೊಬ್ಬ ಆಕೆಯ ಮಗನ ಹೆಸರನ್ನು ತನ್ನ ಮಗನ ಬದಲು ಸೈನ್ಯದ ಪಟ್ಟಿಗೆ ಬರೆಸಿದ್ದ. ಆಕೆ ಶನಿವಾರ ಬೆಳಗ್ಗೆ ಹೆಂಗಸರ ಕಡೆಯಿಂದ ಎದ್ದು ಬಂದು, ತೋರಾ ಸುರುಳಿಯ ಮುಂದೆ ನಿಂತು, ನನ್ನ ದೂರು ಕೇಳುವ ತನಕ ಓದಬಾರದು ಎಂದಳಂತೆ. ಮಧ್ಯಾಹ್ನದವರೆಗೆ ಇಡೀ ಊರು ಊಟವಿಲ್ಲದೆ ಕೂತಿತಂತೆ. ಕೊನೆಗೆ ಪಟ್ಟಿ ತಿದ್ದಿದರು.

"ಹಾಗೆ ಈಗ್ಲೂ ಮಾಡಬಹುದಾ ಹೆಸ್ಸಿ ಆಂಟಿ?" ಲಿನೆಟ್ ಕೇಳಿದಳು.

"ಹಳೇ ಪದ್ಧತಿ ಕಣಮ್ಮ. ಯಾರೂ ಮಾಡಲ್ಲ. ಹಾಗಂತ ಯಾರೂ ರದ್ದೂ ಮಾಡಿಲ್ಲ." ಹೆಸ್ಸಿ ಕೋಲೂರಿ ಲಿನೆಟ್‌ಳ ಮುಖ ನೋಡಿದಳು, ಆಮೇಲೆ ಟೋವಾಳ ಮುಖ. "ಶನಿವಾರ ನಾವು ಇರೋದು ಲಂಡನ್ನಲ್ಲಿ ತಾನೆ?"

ಊರಿಗೆ ಮರಳುವ ಮುನ್ನ ಆ ಶನಿವಾರವನ್ನು ಲಂಡನ್ನಿನಲ್ಲಿ ಕಳೆಯುವುದೆಂದು ಮೊದಲೇ ನಿಗದಿಯಾಗಿತ್ತು. ಇಳಿದುಕೊಳ್ಳುವುದು ಲಿನೆಟ್‌ಳ ಮಗಳ ಬಡಾವಣೆಯಲ್ಲಿ, ಪ್ರಾರ್ಥನೆ ಅಲ್ಲಿನ ಸಿನಗಾಗಿನಲ್ಲಿ. ಅಲ್ಲಿ ಓದು ನಿಲ್ಲಿಸಲು ಟೋವಾ ಒಪ್ಪಿದ ಸುದ್ದಿ ಬಸ್ಸಿನ ಸೀಟಿನಿಂದ ಸೀಟಿಗೆ ಹರಿದು ಎರಡೇ ದಿನದಲ್ಲಿ ಪೆರ್ಲ್ ಕಿವಿಗೂ ಬಿತ್ತು. ಅವಳು ಬೆಳಗಿನ ತಿಂಡಿಯ ಹೊತ್ತಿಗೆ ಟೋವಾಳ ಮೇಜಿಗೆ ಬಂದು, ತುಂಬ ಮೆತ್ತಗೆ, ತುಂಬ ಹೊತ್ತು ಮಾತಾಡಿದಳು. ಅವರು ನಮಗೆ ಮನೆ ಬಾಗಿಲು ತೆರೆದವರು, ಅವರ ಪ್ರಾರ್ಥನೆ ಕೆಡಿಸುವುದು ಸರಿಯೇ, ನಮ್ಮ ಊರಿನ ಹೆಸರು ಏನಾದೀತು, ಅವನು ಇನ್ನಷ್ಟು ಹಟ ಹಿಡಿದರೆ ಆಗ?

"ಇನ್ನಷ್ಟು ಅಂದ್ರೆ ಎಷ್ಟು?" ಟೋವಾ ಕೇಳಿದಳು. "ಎಂಟು ವರ್ಷ? ಹದಿನೈದು? ನಂಗೆ ಅರವತ್ತಾಗೋ ತನಕ?"

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಹೋದ ಸಲಾನೂ ಒಳ್ಳೇದಕ್ಕೇ ಹೇಳಿದ್ರಿ. ನಾನು ಸುಳ್ಳಿಗೆ ಸಹಿ ಹಾಕಿದ್ರೆ ನಿಮ್ಮೆಲ್ರಿಗೂ ನೆಮ್ಮದಿ ಇತ್ತು, ಅಲ್ವಾ? ಯಾರೂ ಏನೂ ಮಾಡಬೇಕಾಗ್ತಿರ್ಲಿಲ್ಲ."

ಪೆರ್ಲ್ ಎದ್ದು ಹೋದಳು. ಅವಳ ಕಾಫಿ ಹಾಗೇ ಉಳಿಯಿತು.

ಶನಿವಾರ ಬೆಳಗ್ಗೆ ಹದಿನಾಲ್ಕು ಹೆಂಗಸರೂ ಹಬ್ಬದ ಟೋಪಿ ಹಾಕಿ, ಆ ಸಿನಗಾಗಿನ ಮೇಲಂತಸ್ತಿನಲ್ಲಿ, ಹೆಂಗಸರ ಸಾಲುಗಳಲ್ಲಿ ಕೂತರು. ಕೆಳಗೆ ಗಂಡಸರು. ಸುರುಳಿಯನ್ನು ಕಪಾಟಿನಿಂದ ತೆಗೆದು ನಡುವಿನ ಮೇಜಿಗೆ ತಂದರು. ಬೆಳ್ಳಿ ಅಂಚಿನ ಶಾಲು ಹೊದ್ದ, ಗಡ್ಡಕ್ಕೆ ನರೆ ಬಂದ ಒಬ್ಬ ಮೇಜಿನ ಬಳಿ ಹೋಗಿ ನಿಂತ. ಟೋವಾಗೆ ಗುರುತು ಸಿಗಲಿಲ್ಲ. ಅವನು ಬಾಯಿ ತೆರೆದ. ಆಗ ಸಿಕ್ಕಿತು.

ಆ ದನಿ ಅವಳಿಗೆ ಗೊತ್ತಿತ್ತು. ಐದು ವರ್ಷ ಪ್ರತಿ ಗುರುವಾರ ಅವಳ ಅಡುಗೆಮನೆಯ ಮೇಜಿನಲ್ಲಿ ಕೂತು ಅಭ್ಯಾಸ ಮಾಡಿದ ದನಿ. ಸಿಹಿಯಾದ, ಎಲ್ಲೂ ತಪ್ಪದ ದನಿ. ಓದು ಶುರುವಾಗುವ ಮುಂಚೆ ಏಳಬೇಕೆಂದು ಮಾತಾಗಿತ್ತು. ಅವಳು ಏಳಲಿಲ್ಲ. ಮೊದಲನೆಯ ಭಾಗ ಮುಗಿಯಿತು, ಎರಡನೆಯದು, ಮೂರನೆಯದು, ನಾಲ್ಕನೆಯದು. ಕೆಳಗೆ ಹಿಲೆಲ್ ಯಾವ ಹಕ್ಕಿಯನ್ನು ತಿನ್ನಬಾರದು ಎಂದು ಓದುತ್ತಿದ್ದ. ಹದ್ದು, ಗಿಡುಗ, ಕಾಗೆ. ತಪ್ಪಿಲ್ಲದೆ, ಭಕ್ತಿಯಿಂದ, ಬಾಯಿಗೆ ಏನು ಹೋಗಬಾರದು ಎಂದು ಇಡೀ ಸಭೆಗೆ ಹೇಳುತ್ತಿದ್ದ. ಅದನ್ನು ಕೇಳುತ್ತಿದ್ದಂತೆ ಅವಳು ಪ್ರಾರ್ಥನೆಯ ಪುಸ್ತಕ ಮುಚ್ಚಿಟ್ಟಳು.

"ನಿಲ್ಲಿಸಿ," ಎಂದಳು ಎದ್ದು. ಯಾರೂ ಕೇಳಿಸಿಕೊಳ್ಳಲಿಲ್ಲ. ಕಟಕಟೆ ಹಿಡಿದು ಮತ್ತೆ ಹೇಳಿದಳು. ಈ ಸಲ ಇಡೀ ಕಟ್ಟಡಕ್ಕೆ ಕೇಳಿಸಿತು. "ಓದೋದನ್ನ ನಿಲ್ಲಿಸಿ. ನಂಗೆ ಅನ್ಯಾಯ ಆಗಿದೆ. ನನ್ನ ದೂರು ಕೇಳೋ ತನಕ ಓದಬಾರದು."

ಓದು ನಿಂತಿತು. ತಲೆಗಳು ಮೇಲೆದ್ದವು. ಓದುವ ಸಾಲು ತೋರಲು ಹಿಲೆಲ್‌ನ ಕೈಯಲ್ಲಿದ್ದ ಬೆಳ್ಳಿಯ ಕಡ್ಡಿ ಸುರುಳಿಯ ಮೇಲೆ ಹಾಗೇ ಉಳಿಯಿತು.

"ನಾನು ಟೋವಾ. ಅಲ್ಲಿ ಓದ್ತಿರೋನು ನನ್ನ ಗಂಡ. ಏಳು ವರ್ಷದಿಂದ ನಂಗೆ ಗೆಟ್ ಕೊಟ್ಟಿಲ್ಲ."

ಕೆಳಗಿನ ಮೇಲ್ವಿಚಾರಕ, ಕೆಂಪು ಮುಖದ ದಪ್ಪ ಮನುಷ್ಯ, ಹೆಂಗಸರು ದಯವಿಟ್ಟು ಕೂರಬೇಕು ಎಂದು ಕೂಗಿದ. ಅದಕ್ಕೆ ಸರಿಯಾಗಿ ಹೆಂಗಸರು ಎದ್ದರು. ಮೊದಲು ಲಿನೆಟ್, ಆಮೇಲೆ ಒಬ್ಬೊಬ್ಬರಾಗಿ ಗುಂಪಿನ ಉಳಿದವರು. ಹೆಸ್ಸಿ ಕೋಲೂರಿ ಎದ್ದು ಕೆಳಗೆ ಬಗ್ಗಿ ಹೇಳಿದಳು: "ನಂಗೆ ಎಪ್ಪತ್ತೊಂಬತ್ತಪ್ಪ. ಕೂತ್ರೆ ಏಳೋದು ಕಷ್ಟ. ನಿಂತೇ ಇರ್ತೀನಿ."

ಪೆರ್ಲ್ ಒಬ್ಬಳೇ ಏಳಲಿಲ್ಲ. ಪ್ರಾರ್ಥನೆಯ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದಳು. ಟೋವಾ ಅದನ್ನು ನೋಡಿದಳು.

ಅಲ್ಲಿನ ರಬ್ಬಿ ವಯಸ್ಸಾದವನು. ಅವನು ಮೇಜಿನ ಬಳಿ ಬಂದು ಹಿಲೆಲ್‌ನನ್ನು ಕೇಳಿದ, ಇದು ನಿಜವೇ ಎಂದು.

"ಗಂಡ ಹೆಂಡ್ತಿ ವಿಷಯ ರಬ್ಬಿ. ಇಲ್ಲಿ ಆಡೋದಲ್ಲ," ಎಂದ ಹಿಲೆಲ್. ಎಲ್ಲರೂ ನೋಡುತ್ತಿದ್ದುದರಿಂದ ಇನ್ನೂ ಸ್ವಲ್ಪ ಹೇಳಬೇಕಾಯಿತು. "ಅವಳು ಒಂದು ಕಾಗದಕ್ಕೆ ಸಹಿ ಹಾಕ್ಲಿ, ನಾಳೇನೇ ಕೊಡ್ತೀನಿ."

"ಯಾವ ಕಾಗದ?" ಎಂದ ರಬ್ಬಿ. "ನೀನು ಕೊಡ್ತೀನಿ ಅಂದ್ರೂ ಅವಳೇ ತಗೊಳ್ತಿಲ್ಲ ಅಂದಿದ್ಯಲ್ಲಯ್ಯ ನಂಗೆ?"

ಉತ್ತರವನ್ನು ಟೋವಾ ಕೊಟ್ಟಳು. ಆ ಕಾಗದದ ಮೂರು ಸಾಲನ್ನು ಏಳು ವರ್ಷದಲ್ಲಿ ಅವಳು ಮರೆತಿರಲಿಲ್ಲ. ಒಂದೊಂದೇ ಸಾಲು, ಅವನು ತೋರಾ ಓದುವಷ್ಟೇ ಸ್ಪಷ್ಟವಾಗಿ, ಒಪ್ಪಿಸಿದಳು. ಕೊನೆಗೆ ಬಲಗೈಯನ್ನು ಕಟಕಟೆಯ ಹೊರಗೆ ಚಾಚಿ, "ಮೆಟ್ಟಿಲಲ್ಲ ಇದು, ಬಾಗಿಲು," ಎಂದಳು.

ಲಿನೆಟ್ ತನ್ನ ಅಳಿಯನನ್ನು ಹೆಸರು ಹಿಡಿದು ಕರೆದಳು. "ಗಿಡಿಯನ್, ಇವನಿಗೆ ನಿನ್ನ ಮನೇಲಿ ಇನ್ನೊಂದು ತುತ್ತು ಬಡಿಸಿದ್ರೆ ನಾನು ಆ ಮನೆ ಹೊಸ್ತಿಲು ತುಳಿಯಲ್ಲ." ಅಳಿಯ ತಲೆ ತಗ್ಗಿಸಿದ. ರಬ್ಬಿ ತನ್ನ ಕೈಯಾರೆ ಸುರುಳಿಯ ಮೇಲೆ ಬಟ್ಟೆ ಹೊದಿಸಿ, ಇವನು ಓದಿದರೆ ನಾವು ಕೇಳುವುದಿಲ್ಲ ಎಂದ. ಹಿಲೆಲ್ ಕಡ್ಡಿಯನ್ನು ಕೆಳಗಿಟ್ಟು, ಶಾಲನ್ನೂ ತೆಗೆಯದೆ ಹೊರಟ.

ಹದಿಮೂರು ಹೆಂಗಸರು ಅವನ ಹಿಂದೆ ಹೊರಟರು. ವಾಹನ ಹತ್ತಬಾರದೆಂದು ಧರ್ಮ ಹೇಳುವ ಶನಿವಾರವಾದ್ದರಿಂದ ಯಾರೂ ಕಾರು ಹತ್ತುವಂತಿರಲಿಲ್ಲ, ಅವನೂ ಹತ್ತುವಂತಿರಲಿಲ್ಲ. ಅವನು ಬೇಗ ನಡೆದರೆ ಇವರೂ ಬೇಗ ನಡೆದರು. ಹೆಸ್ಸಿಗೆ ಆಗದಾದಾಗ ಎಲ್ಲರೂ ನಿಧಾನವಾದರು, ಆದರೆ ಅವನನ್ನು ಕಣ್ಣಿಂದ ಬಿಡಲಿಲ್ಲ. ಮನೆಯ ಗೇಟಿನ ಬಳಿ ಅವನು ತಿರುಗಿದ.

"ಟೋವಾ, ಈ ಹೆಂಗಸರನ್ನ ಕರ್ಕೊಂಡು ಹೋಗು. ಮರ್ಯಾದೆ ಇರಲಿ."

ಅವಳು ಅವನ ಹತ್ತಿರ, ಒಂದು ಕೈಯಳತೆಯ ದೂರಕ್ಕೆ ಹೋಗಿ ನಿಂತಳು. ಅಷ್ಟು ಹತ್ತಿರ ಹೋಗಲು ಭಯವಾಗಬೇಕಿತ್ತು, ಆಗಲಿಲ್ಲ. "ನಿನ್ನ ಮರ್ಯಾದೆ ಕಾಯೋ ಕೆಲಸ ಏಳು ವರ್ಷ ನಂಗೆ ಹಚ್ಚಿದ್ದೆ. ಇವತ್ತು ಬಿಟ್ಟೆ," ಎಂದಳು.

"ನಮಗೇನು ಅವಸರ ಇಲ್ಲಪ್ಪ, ವಿಮಾನ ಇರೋದು ಸೋಮವಾರ," ಎಂದಳು ಹೆಸ್ಸಿ ಹಿಂದಿನಿಂದ.

ಅವನು ಒಳಗೆ ಹೋಗಿ ಕಿಟಕಿಯ ಪರದೆ ಎಳೆದ. ಬಟ್ಟೆ ಅಗ್ಗದ್ದು ಎಂದು ಲಿನೆಟ್ ತೀರ್ಪು ಕೊಟ್ಟಳು. ಅವರು ಮಧ್ಯಾಹ್ನದವರೆಗೆ ಗೇಟಿನ ಪಕ್ಕದ ಗಿಡ್ಡ ಗೋಡೆಯ ಮೇಲೆ ಕೂತರು. ಸಿನಗಾಗ್ ಬಿಟ್ಟ ಮೇಲೆ ಆ ಬಡಾವಣೆಯ ಹೆಂಗಸರು ತಣ್ಣನೆಯ ಮೀನಿನುಂಡೆ, ನೀರು ತಂದುಕೊಟ್ಟು, ತಾವೂ ಪಕ್ಕದಲ್ಲಿ ಕೂತರು. ಅವರಲ್ಲಿ ಇಬ್ಬರು ಅವನಿಗೆ ಹೆಣ್ಣು ನೋಡುತ್ತಿದ್ದವರು. ಲಿನೆಟ್‌ಳ ಮಗಳು ಬಂದು ತಾಯಿಯ ತೋಳಿಗೆ ಮುಖ ಒತ್ತಿ ಅತ್ತಳು. ಟೋವಾ ಅವಳಿಗೆ ಸಮಾಧಾನ ಹೇಳಲಿಲ್ಲ. ಹೇಳುವಷ್ಟು ಅವಳಲ್ಲಿ ಇರಲಿಲ್ಲ.

ಆ ದಿನ ಅವನು ಗೆಟ್ ಕೊಡಲಿಲ್ಲ. ಭಾನುವಾರವೂ ಕೊಡಲಿಲ್ಲ. ಅವರು ಊರಿಗೆ ಮರಳಿದರು. ಆದರೆ ಲಂಡನ್ನಿನಲ್ಲಿ ಅವನನ್ನು ಯಾರೂ ಓದಲು ಕರೆಯಲಿಲ್ಲ, ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರ ಲೆಕ್ಕಕ್ಕೆ ಹಿಡಿಯಲಿಲ್ಲ, ಊಟಕ್ಕೆ ಕೂರಿಸಲಿಲ್ಲ. ಗಿಡಿಯನ್ ಪ್ರತಿ ಶುಕ್ರವಾರ ಅತ್ತೆಗೆ ಫೋನಿನಲ್ಲಿ ಸುದ್ದಿ ಒಪ್ಪಿಸುತ್ತಿದ್ದ. ಐದನೆಯ ವಾರ ಹಿಲೆಲ್ ರಬ್ಬಿಯ ಮನೆಗೆ ಹೋಗಿ, ಯಾವ ಷರತ್ತೂ ಇಲ್ಲದೆ, ಪತ್ರ ಬರೆಸಿ ದೂತನ ಕೈಗೆ ಕೊಟ್ಟ.

ಜೋಹಾನ್ಸ್‌ಬರ್ಗಿನಲ್ಲಿ ಅದನ್ನು ಅವಳ ಕೈಗೆ ಹಾಕುವ ದಿನ, ಮೇಜಿನ ಹಿಂದೆ ಕೂತ ಮೂವರಲ್ಲಿ ಬಿಳಿ ಹುಬ್ಬಿನವನೂ ಇದ್ದ. ಎರಡು ಕೈ ಜೋಡಿಸಿ ಬೊಗಸೆ ಮಾಡು, ಬೆರಳು ಮಡಚಬೇಡ, ಪತ್ರ ತಾನಾಗಿ ಬೀಳಬೇಕು ಎಂದು ಹೇಳಿಕೊಟ್ಟರು. ಅವಳು ಕೈ ಚಾಚಿದಳು. ಎಡಗೈ ಅಂಗಾತವಾಯಿತು, ಬಲಗೈ ಅರ್ಧಕ್ಕೆ ನಿಂತಿತು.

"ಬಲಗೈ ಸರಿಯಾಗಿ ತಿರುಗಿಸಮ್ಮ," ಎಂದ ಬಿಳಿ ಹುಬ್ಬಿನವನು.

"ಇಷ್ಟೇ ತಿರುಗೋದು."

ಅವನು ಆ ಕೈಯನ್ನು ನೋಡಿದ, ಬಹುಶಃ ಮೊದಲ ಸಲ. ಅವಳು ಅದನ್ನು ಹಿಂತೆಗೆಯಲಿಲ್ಲ. ನೋಡಲಿ ಎಂದು ಹಾಗೇ ಹಿಡಿದಳು, ಅವನು ಕಣ್ಣು ತಗ್ಗಿಸುವ ತನಕ. ಪತ್ರ ಓರೆಯಾಗಿ ಬಿದ್ದಿತು. ಎಡ ಅಂಗೈಗೆ ಜಾರಿ ನಿಂತಿತು. ಇನ್ನು ತೊಂಬತ್ತೆರಡು ದಿನ ಕಳೆದ ಮೇಲೆ ಮರುಮದುವೆಯಾಗಬಹುದು, ಅಷ್ಟು ಕಾಯಬೇಕಾದ್ದು ನಿಯಮ ಎಂದು ಒಬ್ಬರು ಹೇಳಿದರು. ಎಲ್ಲರೂ ಶುಭ ಕೋರಿದರು. ಟೋವಾ ಯಾರಿಗೂ ಧನ್ಯವಾದ ಹೇಳಲಿಲ್ಲ.

ಯೋಮ್ ಕಿಪ್ಪೂರ್ ಉಪವಾಸಕ್ಕೆ ಇನ್ನು ಎರಡು ದಿನ ಇತ್ತು. ಒಬ್ಬರ ಮನೆಗೊಬ್ಬರು ಹೋಗಿ ತಪ್ಪಾಯಿತು ಎನ್ನುವ ದಿನಗಳು. ಟೋವಾಳ ಮನೆಯಲ್ಲಿ ಲಿನೆಟ್ ಮತ್ತು ಹೆಸ್ಸಿ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಸೊಂಟಕ್ಕೆ ಪಟ್ಟಿ ಕಟ್ಟಿದ ತಾಯಿ ಮೇಜಿನ ತಲೆಯಲ್ಲಿದ್ದಳು. ಗಂಟೆ ಬಾರಿಸಿತು. ಬಾಗಿಲಲ್ಲಿ ಪೆರ್ಲ್. ಕೈಯಲ್ಲಿ ಜೇನಿನ ಕೇಕು, ಕಣ್ಣಲ್ಲಿ ನೀರು. ತಾನು ಅಂದು ಏಳಬೇಕಿತ್ತು, ಏಳಲಾಗಲಿಲ್ಲ, ಏಳು ವರ್ಷದ ಹಿಂದೆ ಹೇಳಿದ್ದೂ ತಪ್ಪು ಎಂದಳು. ಅವಳು ಮನಸ್ಸಿನಿಂದಲೇ ಹೇಳುತ್ತಿದ್ದಳು ಎಂಬುದು ಟೋವಾಗೆ ಕಂಡಿತು. ಕಂಡದ್ದರಿಂದ ಸಿಟ್ಟು ಇನ್ನಷ್ಟು ಏರಿತು.

"ನಂಗೆ ಕ್ಷಮಿಸೋಕೆ ಆಗ್ತಿಲ್ಲ ರೆಬ್ಬೆಟ್ಸಿನ್."

"ಮೂರು ಸಲ ಕೇಳಬೇಕು ಅಂತಿದೆ. ಮತ್ತೆ ಬರ್ತೀನಿ," ಎಂದಳು ಪೆರ್ಲ್.

"ಬನ್ನಿ. ಮುಂದಿನ ಸಲ ಮನೆಗಲ್ಲ, ಸಿನಗಾಗಿಗೆ. ನಾನು ಎಲ್ರೆದುರಿಗೂ ಕೂಗಬೇಕಾಯ್ತಲ್ಲ, ನೀವೂ ಎಲ್ರೆದುರಿಗೇ ಕೇಳಿ."

ಕೇಕನ್ನು ತೆಗೆದುಕೊಳ್ಳದೆ ಅವಳು ಬಾಗಿಲು ಹಾಕಿದಳು. ಒಳಗೆ ಬಂದು ಕೂತಾಗ ಯಾರು ಎಂದು ತಾಯಿ ಕೇಳಿದಳು, ಟೋವಾ ಹೇಳಿದಳು. ಕ್ಷಮಿಸಿದೆಯಾ ಎಂದು ಹೆಸ್ಸಿ ಕೇಳಿದಳು. ಇಲ್ಲ ಎಂದಳು. ಹೆಸ್ಸಿ ತಲೆಯಾಡಿಸಿ ಬ್ರೆಡ್ಡು ಮುರಿದಳು. ಲಿನೆಟ್ ಟೋವಾಳ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಆ ಕೈಗೆ ಆಗದ ಕೆಲಸವೆಂದು, ಅವಳ ಪಾಲಿನ ಮಾಂಸವನ್ನು ಸಣ್ಣಗೆ ಕತ್ತರಿಸತೊಡಗಿದಳು. ಟೋವಾ ಬೇಡ ಎನ್ನಲಿಲ್ಲ.